ಅತ್ತೆಯ ಕುತ್ತಿಗೆಗೆ ನನ್ನ ಎಡಗಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಒದ್ದಾಡಿದವಳು ನನ್ನ ಅವ್ವ, ಬೆವರಿದವಳು ಸೂಲಗಿತ್ತಿ. ಆದರೆ ಹಾಗೆ ಹುಟ್ಟಿದವರ ಕಾಲಿಗೆ ಉಳುಕು ತೆಗೆಯುವ ಗುಣ ಇರುತ್ತದೆ ಎಂದು ನಮ್ಮ ವಿಜಯಪುರದ ಕಡೆ ನಂಬುತ್ತಾರೆ. ಸೊಂಟ ಹಿಡಿದವರು, ಕುತ್ತಿಗೆ ಹಿಡಿದವರು ಬಂದು ಬೆನ್ನು ಕೊಟ್ಟು ಕೂರುತ್ತಾರೆ. ನಾವು ಪಾದ ತಾಗಿಸಿ ಮೆಲ್ಲಗೆ ಒದೆಯುತ್ತೇವೆ. ಅವರು ಎದ್ದು ಹೋಗುತ್ತಾರೆ. ಮದುವೆಯಾಗಿ ಮುಂಬಯಿಯ ಗೋರೆಗಾಂವಿಗೆ ಬಂದ ಮೇಲೆ ನೋಡಿದರೆ ಇಲ್ಲಿನ ಮರಾಠಿ ಜನರಿಗೂ ಇದೇ ನಂಬಿಕೆ. ನಮ್ಮಂಥವರನ್ನು ಅವರು ‘ಪಾಯಾಳು’ ಎನ್ನುತ್ತಾರೆ. ಎರಡು ರಾಜ್ಯಗಳು ಗಡಿಗಾಗಿ ಎಷ್ಟು ಕಿತ್ತಾಡಿದರೂ ಒದೆಸಿಕೊಳ್ಳುವ ವಿಷಯದಲ್ಲಿ ಮಾತ್ರ ಒಮ್ಮತವಿದೆ.

ನನ್ನ ಮದುವೆ ಆದದ್ದೇ ಈ ಕಾಲಿನಿಂದ. ಹೆಣ್ಣು ನೋಡಲು ಬಂದ ದಿನ ಮಾವನವರು ಬಸ್ಸಿನಿಂದ ಇಳಿಯುವಾಗಲೇ ಸೊಂಟ ಹಿಡಿದುಕೊಂಡಿದ್ದರು. ಉಪ್ಪಿಟ್ಟಿನ ತಟ್ಟೆ ತೆಗೆದುಕೊಳ್ಳಲು ಬಗ್ಗಿದವರಿಗೆ ಮತ್ತೆ ನೆಟ್ಟಗಾಗಲು ಆಗಲಿಲ್ಲ. ನನ್ನ ಡಿಗ್ರಿ, ನನ್ನ ಹಾಡು, ನಾನೇ ಮಾಡಿದ್ದೆಂದು ಹೇಳಲಾದ ಆ ಉಪ್ಪಿಟ್ಟು, ಯಾವುದೂ ಕೆಲಸಕ್ಕೆ ಬರುವ ಲಕ್ಷಣ ಕಾಣದಿದ್ದಾಗ ಅವ್ವ ತನ್ನ ಬ್ರಹ್ಮಾಸ್ತ್ರ ತೆಗೆದಳು.

“ನಮ್ಮ ಹುಡುಗಿ ಕಾಲ ಮುಂದಾಗಿ ಹುಟ್ಟ್ಯಾಳ್ರಿ. ಒಂದ ಸಲ ಹಚ್ಚಿಸ್ಕೊಂಡ ನೋಡ್ರಿ.”

ಹೀಗೆ, ರೇಷ್ಮೆ ಸೀರೆ ಉಟ್ಟು ತಲೆ ತಗ್ಗಿಸಿ ಕೂರಬೇಕಾದ ದಿನ ನಾನು ಭಾವೀ ಮಾವನವರ ಸೊಂಟಕ್ಕೆ ಮೂರು ಸಲ ಒದ್ದೆ. ಅವರು ನೆಟ್ಟಗೆ ಎದ್ದು ನಿಂತರು. ನೋವು ಹೋಗಿ ಎದ್ದರೋ, ಬೀಗರ ಮನೆಯಲ್ಲಿ ನಾಲ್ಕನೆಯ ಒದೆ ಬೇಡವೆಂದು ಎದ್ದರೋ ಅವರೇ ಬಲ್ಲರು. ಮೂಲೆಯಲ್ಲಿ ಕುಳಿತಿದ್ದ ಅತ್ತೆ ಅಲ್ಲೇ ಅಂದರು: “ಈ ಹುಡುಗಿ ನಮ್ಮ ಮನಿಗೆ ಬೇಕು.” ನನ್ನ ಗಂಡನನ್ನು ಯಾರೂ ಕೇಳಲಿಲ್ಲ. ಇವತ್ತಿಗೂ ನಮ್ಮ ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳುವುದಿಲ್ಲ. ಅವರು ಮೊಬೈಲ್ ನೋಡುತ್ತಿರುತ್ತಾರೆ.

ಮುಂಬಯಿಗೆ ಬಂದ ಮೇಲೆ ನನ್ನ ಕಾಲಿನ ಉಸ್ತುವಾರಿಯನ್ನು ಅತ್ತೆ ವಹಿಸಿಕೊಂಡರು. ನಿಯಮಗಳೆಲ್ಲ ಅವರವೇ. ಭಾನುವಾರ ಬೆಳಿಗ್ಗೆ, ನಾನು ಸ್ನಾನ ಮಾಡುವ ಮೊದಲು, ಬಾಯಿಗೆ ಚಹಾ ಸಹ ಬೀಳುವ ಮೊದಲು. ಎಡಗಾಲು ಮಾತ್ರ. ಮೂರೇ ಸಲ. ಒದೆಸಿಕೊಂಡವರು ಉಪಕಾರವಾಯಿತು ಎನ್ನಬಾರದು, ಹೋಗುವಾಗ ಹಿಂದಿರುಗಿ ನೋಡಬಾರದು. ಕುತ್ತಿಗೆ ಹಿಡಿದವರು ಹಿಂದಿರುಗಿ ಹೇಗೆ ನೋಡಿಯಾರು ಎಂದು ನಾನು ಕೇಳಲು ಹೋಗಲಿಲ್ಲ. ಹೊಸ ಸೊಸೆಗೆ ಅಷ್ಟೊಂದು ಬುದ್ಧಿ ಇರುವುದು ಯಾವ ಮನೆಯಲ್ಲೂ ಒಳ್ಳೆಯದಲ್ಲ.

ಮೊದಲ ವರ್ಷಗಳಲ್ಲಿ ಬರುತ್ತಿದ್ದದ್ದು ಬರೀ ಸೊಂಟಗಳು. ನಳದ ನೀರು ಹಿಡಿದು ಮೂರು ಮಾಳಿಗೆ ಹತ್ತಿಸಿದ ಸೊಂಟ, ಗ್ಯಾಸ್ ಸಿಲಿಂಡರ್ ಎತ್ತಿದ ಸೊಂಟ, ಮೊಮ್ಮಗನನ್ನು ಎತ್ತಿದ ಸೊಂಟ. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಕುತ್ತಿಗೆಗಳು ಬರತೊಡಗಿದವು. ಲೋಕಲಿನಲ್ಲಿ ಒಂದು ಕೈಯಿಂದ ಹಿಡಿಕೆ ಹಿಡಿದು ಇನ್ನೊಂದು ಕೈಯಲ್ಲಿ ಸಿನಿಮಾ ನೋಡುತ್ತ ಬೊರಿವಲಿಯಿಂದ ಚರ್ಚ್‌ಗೇಟಿನವರೆಗೆ ಗದ್ದವನ್ನು ಎದೆಗೆ ಅಂಟಿಸಿಕೊಂಡು ಹೋಗುವವರು, ಮಂಚದ ಮೇಲೆ ಮಲಗಿ ಲ್ಯಾಪ್‌ಟಾಪನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕಂಪನಿ ನಡೆಸುವವರು, ಎರಡು ದಿಂಬಿನ ಮೇಲೆ ಮೂರನೆಯದು ಇಟ್ಟು ಟಿವಿ ನೋಡುತ್ತಲೇ ನಿದ್ದೆ ಹೋಗುವವರು. ಆರು ದಿನ ಕುತ್ತಿಗೆಯನ್ನು ಹಿಂಡಿ ಹಿಪ್ಪೆ ಮಾಡಿ ಏಳನೆಯ ದಿನ ಮೂರು ಒದೆಯಲ್ಲಿ ಸರಿಯಾಗಬೇಕು ಎನ್ನುವ ಜನ. ನಮ್ಮ ಸೊಸೈಟಿಯ ಚೇರ್‌ಮನ್ ಒಬ್ಬರು ಮಾತ್ರ ಬಾಗಿಲು ಹಾಕಿಸಿ, ಪರದೆ ಎಳೆಸಿ ಕೂರುತ್ತಿದ್ದರು. ಲಿಫ್ಟ್ ರಿಪೇರಿಯ ಅರ್ಜಿಗೆ ಅವರು ಉತ್ತರ ಕೊಡದ ತಿಂಗಳು ನಾನು ಯಾವ ಪಕ್ಷಪಾತವೂ ಇಲ್ಲದೆ ತುಸು ಜೋರಾಗಿ ಒದ್ದದ್ದುಂಟು.

ಆದರೆ ನನ್ನ ಕಾಯಂ ಗಿರಾಕಿ ಅತ್ತೆ. ಅವರು ಕೌದಿ ಹೊಲಿಯುವವರು. ಹಳೆಯ ಸೀರೆಗಳನ್ನು ಪದರ ಪದರವಾಗಿ ನೆಲಕ್ಕೆ ಹಾಸಿ, ಅದರ ಮೇಲೆ ಕುಳಿತು, ತಲೆ ಬಗ್ಗಿಸಿ ಸೂಜಿ ಹಿಡಿದರೆ ಮಧ್ಯಾಹ್ನ ಕಳೆದು ಸಂಜೆಯಾದರೂ ತಲೆ ಎತ್ತುತ್ತಿರಲಿಲ್ಲ. ನಲವತ್ತು ವರ್ಷ ಹಾಗೆ ಬಗ್ಗಿದ ಕುತ್ತಿಗೆ ಅದು. ಭಾನುವಾರ ಅವರು ಮಣೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತು, ತುರುಬನ್ನು ಪಕ್ಕಕ್ಕೆ ಸರಿಸಿ, “ಹಚ್ಚವಾ” ಎನ್ನುತ್ತಿದ್ದರು. ನಾನು ಗೋಡೆಗೆ ಕೈ ಕೊಟ್ಟು ನಿಂತು ಅವರ ಕುತ್ತಿಗೆಯ ಬುಡಕ್ಕೆ ಹಿಮ್ಮಡಿ ತಾಗಿಸುತ್ತಿದ್ದೆ. ಆಮೇಲೆ ದೋಷ ಬರಬಾರದೆಂದು ಅವರ ಕಾಲಿಗೆ ಬಿದ್ದು ನಮಸ್ಕಾರ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅತ್ತೆಗೆ ಒದೆಯಲು ಮನೆಯವರೆಲ್ಲರ ಒಪ್ಪಿಗೆ, ಮೇಲೆ ಸ್ವತಃ ಅತ್ತೆಯ ಆಹ್ವಾನ, ಇಂಥ ಭಾಗ್ಯ ನನಗೆ ಗೊತ್ತಿರುವ ಯಾವ ಸೊಸೆಗೂ ಸಿಕ್ಕಿಲ್ಲ. ವಾರವಿಡೀ ಅವರ ಮಾತು ನಡೆಯುತ್ತಿತ್ತು. ಸಾರಿಗೆ ಉಪ್ಪು ಕಡಿಮೆ, ಆಫೀಸಿನಿಂದ ಬರುವುದು ತಡ, ಮಗಳಿಗೆ ಕನ್ನಡ ಸರಿಯಾಗಿ ಬರುವುದಿಲ್ಲ, ಎಲ್ಲಕ್ಕೂ ನಾನೇ ಕಾರಣ. ನಾನು ಹಲ್ಲು ಕಚ್ಚಿಕೊಂಡು ಭಾನುವಾರಕ್ಕೆ ಕಾಯುತ್ತಿದ್ದೆ. ಒದೆ ಜೋರಾಗಿ ಇರುತ್ತಿರಲಿಲ್ಲ, ಅವರು ಮುದುಕಿ ಎಂಬ ಎಚ್ಚರ ನನಗಿತ್ತು. ಆದರೆ ಕಾಲು ಎತ್ತುವ ಆ ಗಳಿಗೆ ಮನಸ್ಸಿಗೆ ಬಹಳ ಹಿತವಾಗುತ್ತಿತ್ತು. ದಿನಬೆಳಗಾದರೆ ಯೋಗ ಮಾಡುವ ಪಕ್ಕದ ಮನೆಯವರಿಗೂ ಅಂಥ ಶಾಂತಿ ಸಿಕ್ಕಿರಲಾರದು.

ನಂತರ ನನ್ನದೇ ಕುತ್ತಿಗೆ ಹಿಡಿಯಿತು.

ನಾನು ಪವಾಯಿಯ ಒಂದು ಆಫೀಸಿನಲ್ಲಿ ವಿಮೆಯ ಅರ್ಜಿಗಳನ್ನು ತಪಾಸಣೆ ಮಾಡುತ್ತೇನೆ. ಮೊದಲು ದೊಡ್ಡ ಕಂಪ್ಯೂಟರ್ ಇತ್ತು, ಕಣ್ಣಿಗೆ ಸರಿಯಾಗಿ ಎದುರಿಗೆ. ಆಮೇಲೆ ಎಲ್ಲರಿಗೂ ಲ್ಯಾಪ್‌ಟಾಪ್ ಕೊಟ್ಟರು, ಪ್ರಗತಿ ಎಂದರು. ಪ್ರಗತಿ ಮೇಜಿನ ಮೇಲೆ ಅಂಗೈ ಎತ್ತರದಲ್ಲಿ ಕುಳಿತುಕೊಂಡಿತು. ಅದನ್ನು ನೋಡಲು ನಾವು ಬಾವಿಯಲ್ಲಿ ಇಣುಕುವವರಂತೆ ಬಗ್ಗಿದೆವು. ಹೋಗಿ ಬರುವ ಬಸ್ಸಿನಲ್ಲಿ ಕೂಡಲು ಸಿಕ್ಕರೆ ತೂಕಡಿಕೆ, ತಲೆ ಒಮ್ಮೆ ಎದೆಗೆ, ಒಮ್ಮೆ ಕಿಟಕಿಗೆ. ಭುಜಕ್ಕೆ ನೇತುಹಾಕಿದ ಚೀಲದಲ್ಲಿ ಡಬ್ಬಿ, ನೀರು, ಕೊಡೆ, ದಾರಿಯಲ್ಲಿ ಕೊಂಡ ತರಕಾರಿ, ಯಾವಾಗಲೂ ಎಡ ಭುಜಕ್ಕೇ. ಒಂದು ಸೋಮವಾರ ಬೆಳಿಗ್ಗೆ ಎದ್ದರೆ ತಲೆ ಬಲಕ್ಕೆ ತಿರುಗಲೊಲ್ಲದು. ಬಸ್‌ಸ್ಟಾಪಿನ ಎದುರಿನ ರಸ್ತೆ ದಾಟಲು ಲಾರಿ ಬರುತ್ತಿದೆಯೇ ಎಂದು ನೋಡಬೇಕಾದರೆ ನಾನು ಇಡೀ ಮೈಯನ್ನೇ ತಿರುಗಿಸಿ ನಿಲ್ಲಬೇಕಾಯಿತು.

ಎಲ್ಲರಿಗೂ ಒದೆಯುವವಳಿಗೆ ಯಾರು ಒದೆಯಬೇಕು? ಅತ್ತೆಗೆ ಇದು ದೊಡ್ಡ ಚಿಂತೆಯಾಯಿತು. “ನಿನ್ನ ಕಾಲು ನಿನ್ನ ಕುತ್ತಿಗಿಗೆ ಹೆಂಗ ಮುಟ್ಟಬೇಕವಾ?” ಎಂದು ಮರುಗಿದರು. ಬಳಿಕ ಮಗನಿಗೆ ಮೊಬೈಲ್ ಕೆಳಗಿಡಿಸಿ, ನನ್ನನ್ನು ಮಂಚದ ಮೇಲೆ ಮಲಗಿಸಿ, ನನ್ನ ಎಡಗಾಲನ್ನು ಎತ್ತಿ ತಲೆಯ ಕಡೆಗೆ ತರಲು ಹಚ್ಚಿದರು. ನನ್ನ ಗಂಡ ಮದುವೆಯಾದ ಇಷ್ಟು ವರ್ಷಗಳಲ್ಲಿ ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ. ಕಾಲು ಕುತ್ತಿಗೆಗೆ ತಲುಪಲಿಲ್ಲ. ತೊಡೆಯ ಹಿಂದೆ ಏನೋ ಚುರ್ ಎಂದಿತು, ಕುತ್ತಿಗೆಯ ಜೊತೆಗೆ ಕಾಲೂ ಹೋಯಿತು.

ಸಲಹೆಗಳಿಗೆ ಬರವೇ? ದಿಂಬು ತೆಗೆ ಎಂದರು ಒಬ್ಬರು, ದಿಂಬು ದಪ್ಪಗಿರಲಿ ಎಂದರು ಇನ್ನೊಬ್ಬರು, ಲಟ್ಟಣಿಗೆಯನ್ನು ಕುತ್ತಿಗೆಯ ಕೆಳಗೆ ಇಟ್ಟುಕೊಂಡು ಮಲಗು ಎಂದವಳು ನನ್ನ ಸಾಂತಾಕ್ರೂಜಿನ ನಾದಿನಿ. ಸ್ಟೇಷನ್ ಹತ್ತಿರದ ಹಜಾಮನು ಎಲ್ಲರ ಕುತ್ತಿಗೆಯನ್ನು ಲಟ್ಟೆನ್ನಿಸುತ್ತಾನೆ, ಹೆಂಗಸರಿಗೆ ಆ ಸೌಕರ್ಯ ಇಲ್ಲವಲ್ಲ ಎಂದು ಗಂಡ ಹಳಹಳಿಸಿದರು. ಆಫೀಸಿನಲ್ಲಿ ಆರೋಗ್ಯದ ಬಗ್ಗೆ ಉಪನ್ಯಾಸವನ್ನೇ ಇಟ್ಟರು. ನೆಟ್ಟಗೆ ಕೂರುವುದು ಹೇಗೆ ಎಂದು ಹೇಳಲು ಬಂದ ತಜ್ಞರ ಚಿತ್ರಗಳು ಛಾವಣಿಯ ಹತ್ತಿರ ತೂಗುಹಾಕಿದ ಪರದೆಯ ಮೇಲೆ ಮೂಡುತ್ತಿದ್ದವು. ನಾವು ಒಂದೂವರೆ ತಾಸು ತಲೆ ಮೇಲೆತ್ತಿ ಅವನ್ನು ನೋಡಿದೆವು. ಮರುದಿನ ಉಪನ್ಯಾಸ ಕೇಳಿದವರಲ್ಲಿ ಇಬ್ಬರು ಹೆಣ್ಣುಮಕ್ಕಳು ಕುತ್ತಿಗೆ ನೋವೆಂದು ರಜೆ ಹಾಕಿದರು.

ಕೊನೆಗೆ ನಾನು ಕದ್ದು ಫಿಸಿಯೋಥೆರಪಿಗೆ ಹೋದೆ. ಕದ್ದು ಏಕೆಂದರೆ ಬಿಲ್ಡಿಂಗಿನ ಪಾಯಾಳು ಫಿಸಿಯೋಥೆರಪಿಯ ಬೆಂಚಿನ ಮೇಲೆ ಕೂತದ್ದನ್ನು ಯಾರಾದರೂ ನೋಡಿದರೆ ಅತ್ತೆ ಮುಖ ಎತ್ತಿ ತಿರುಗುವಂತಿರಲಿಲ್ಲ. ನಾವಿರುವುದು ಸ್ಟೇಷನ್ನಿನ ಪೂರ್ವಕ್ಕೆ, ಹಾಗಾಗಿ ಪಶ್ಚಿಮದಲ್ಲಿ ಒಂದು ಕ್ಲಿನಿಕ್ ಹುಡುಕಿದೆ. ಮನೆಯಲ್ಲಿ ಮೀಟಿಂಗ್ ಎಂದು ಹೇಳಿದೆ. ಮೀಟಿಂಗ್ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಅಲ್ಲಿದ್ದವಳು ನನ್ನ ಮಗಳ ವಯಸ್ಸಿನ ಹುಡುಗಿ. ಅಜ್ಜ ಅಜ್ಜಿ ಬೆಳಗಾವಿಯವರಂತೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ತನ್ನ ಕನ್ನಡವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಳು. “ಆಂಟಿ, ನಾ ಪೂಛ್ತೀನಿ, ನೀವು ಹೌದು ಇಲ್ಲಾ ಹೇಳ್ರಿ. ಕೈಯಾಗ ಝುಮ್ ಝುಮ್ ಆಗ್ತದ? ಸಾಮಾನ್ ಕೈಯಿಂದ ಬಿದ್ದು ಹೋಗ್ತದ? ಬಟನ್ ಹಾಕಲಿಕ್ಕೆ ತಕ್ಲೀಫ್? ನಡೀವಾಗ ಬ್ಯಾಲೆನ್ಸ್ ಹೋಗ್ತದ?” ಎಲ್ಲಕ್ಕೂ ಇಲ್ಲ ಎಂದೆ. ಪರೀಕ್ಷೆಯಲ್ಲಿ ಪಾಸಾದಂತೆ ಹಿಗ್ಗಿದೆ.

ಬಿಸಿ ಶಾಖ ಕೊಟ್ಟಳು. ಬೆರಳಿನಿಂದ ನನ್ನ ಭುಜದ ಗಂಟುಗಳನ್ನು ಹುಡುಕಿ ಒತ್ತಿದಳು, ನಾನು ನಮ್ಮ ಊರಿನ ಭಾಷೆಯಲ್ಲಿ ಕೂಗಿಕೊಂಡೆ. ಮೂರೇ ವ್ಯಾಯಾಮ ಕಲಿಸಿದಳು. ಎದುರು ನೋಡುತ್ತಲೇ ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಹಾಗೆ ಮಾಡಿದಾಗ ಕನ್ನಡಿಯಲ್ಲಿ ನನ್ನ ಮುಖ ಯಾರದೋ ತಪ್ಪು ಹಿಡಿದ ಹೆಡ್‌ಮೇಡಮ್ಮಿನಂತೆ ಕಾಣುತ್ತಿತ್ತು. ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ ಕೈಗೂ ಹಣೆಗೂ ಮೆಲ್ಲನೆ ಜಗಳ ಹಚ್ಚುವುದು. ಬೆನ್ನಿನ ಎರಡು ಹೆಗಲ ಹಲಗೆಗಳನ್ನು ಹಿಂದೆ ಕೂಡಿಸುವುದು. ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲಬೇಕು, ಚೀಲ ಭುಜ ಬದಲಿಸಬೇಕು, ದಿಂಬು ಒಂದೇ ಸಾಕು, ಲ್ಯಾಪ್‌ಟಾಪ್ ಕಣ್ಣಿನ ಮಟ್ಟಕ್ಕೆ ಬರಬೇಕು. ಯಾರ ಕೈಗೂ ಕುತ್ತಿಗೆ ಕೊಟ್ಟು ಲಟ್ಟೆನ್ನಿಸಿಕೊಳ್ಳಬಾರದು. “ಪೈರ್ ಭೀ ನಹೀ”, ಕಾಲಿಗೂ ಕೊಡಬಾರದು, ಎಂದು ಅವಳು ಹೇಳಲಿಲ್ಲ, ನಾನೇ ಮನಸ್ಸಿನಲ್ಲಿ ಸೇರಿಸಿಕೊಂಡೆ. ಆಫೀಸಿನಲ್ಲಿ ತಿರಸ್ಕೃತ ಅರ್ಜಿಗಳ ಹಳೆಯ ಫೈಲುಗಳನ್ನು ಒಂದರ ಮೇಲೊಂದು ಇಟ್ಟು ಅದರ ಮೇಲೆ ಲ್ಯಾಪ್‌ಟಾಪನ್ನು ಕೂರಿಸಿದೆ. ಆ ಅರ್ಜಿಗಳು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಎರಡು ಮೂರು ವಾರದಲ್ಲಿ ತಲೆ ಮತ್ತೆ ಬಲಕ್ಕೆ ಹೊರಳತೊಡಗಿತು. ಅವಳನ್ನು ಹೊಗಳಬಾರದು ಅಂದುಕೊಂಡರೂ ಹೊಗಳಲೇಬೇಕು. ನಾಲ್ಕನೆಯ ಸಲ ಹೋದಾಗ, ಸುಮ್ಮನೆ ಮಾತಿಗೆಂದು, ಮೊದಲ ದಿನ ಆ ಬಟನ್ನಿನ ಪ್ರಶ್ನೆ ಯಾಕೆ ಕೇಳಿದೆ ಎಂದೆ.

“ಅದು ಭಾಳ ಇಂಪಾರ್ಟೆಂಟ್, ಆಂಟಿ. ಅದಕ್ಕ ಯಾರಾದ್ರೂ ಹೌದು ಅಂದ್ರೆ ನಾ ಅವರಿಗೆ ಹಾಥ್ ಭೀ ಹಚ್ಚಂಗಿಲ್ಲ. ಕುತ್ತಿಗಿ ಒಳಗ ದೊಡ್ಡ ನರದ ಹುರಿ ಇರ್ತದಲ್ಲ, ಅದು ದಬ್ ಹೋಗ್ತದ, ಅಂದ್ರ ಒತ್ತು ಬೀಳ್ತದ. ಸೀದಾ ಸ್ಪೈನ್ ಡಾಕ್ಟರ್ ಕಡೆ ಕಳಸ್ತೀನಿ. ಲೇಟ್ ಮಾಡಿದ್ರ ಹೋದ ಕೈ ವಾಪಸ್ ಬರೋದಿಲ್ಲ. ಕಾಲ್ ಭೀ ಹೋಗ್ತದ.”

ಕುತ್ತಿಗೆಗೆ ಬಿಸಿ ಚೀಲ ಕಟ್ಟಿಕೊಂಡು ಕುಳಿತಿದ್ದ ನನಗೆ ಮೈಯೆಲ್ಲ ತಣ್ಣಗಾಯಿತು. ಅವಳ ಒಂದೊಂದು ಪ್ರಶ್ನೆಗೂ ಹೌದು ಎನ್ನುವವರು ನನ್ನ ಮನೆಯಲ್ಲಿದ್ದರು. ಅತ್ತೆಯ ಕೈಯಿಂದ ಲೋಟ ಬೀಳುತ್ತಿತ್ತು. ಮಳೆಗಾಲ ಶುರುವಾದಾಗಿನಿಂದ ಬೀಳುತ್ತಿತ್ತು. ಮೊದಲು ಸ್ಟೀಲಿನ ಲೋಟ, ಆಮೇಲೆ ಚಹಾದ ಕಪ್ಪು, ಆಮೇಲೆ ದೇವರ ಮುಂದಿನ ಗಂಟೆ. ಬ್ಲೌಸಿನ ಹುಕ್ಕು ಹಾಕಲು ಮೊಮ್ಮಗಳನ್ನು ಕರೆಯುತ್ತಿದ್ದರು. ಅರ್ಧ ಹೊಲಿದ ಕೌದಿ ಮೂಲೆಯಲ್ಲಿ ಮಡಚಿಕೊಂಡು ಬಿದ್ದಿತ್ತು. ಸೂಜಿ ಹಿಡಿಯಲು ಬರುತ್ತಿಲ್ಲ ಎನ್ನದೆ ಬೇಸರ ಬಂದಿದೆ ಎನ್ನುತ್ತಿದ್ದರು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ಹೋಗುತ್ತಿದ್ದರು.

ನಾನು ಇದನ್ನೆಲ್ಲ ನೋಡಿದ್ದೆ. ನೋಡಿ ಏನು ಮಾಡಿದೆ? ಒಡೆದ ಕಪ್ಪು ಬಳಿಯುತ್ತ “ನಮ್ಮ ಅವ್ವ ಹೀಂಗ ಒಡದಿದ್ರ ನಿಮ್ಮವ್ವ ಏನಂತಿದ್ರು” ಎಂದು ಗಂಡನಿಗೆ ಕೇಳುವಂತೆ ಗೊಣಗಿದ್ದೆ. ಅತ್ತೆ ಭಾನುವಾರ ಸಾಲದೆಂದು ಬುಧವಾರವೂ ಮಣೆ ಹಾಕಿಕೊಂಡು ಕೂರತೊಡಗಿದ್ದರು. ನಾನು ಬುಧವಾರವೂ ಕಾಲು ಎತ್ತಿದ್ದೆ. ಅವರು ನನ್ನ ಕಾಲನ್ನು ವಾರಕ್ಕೆ ಎರಡು ಸಲ ಬೇಡುತ್ತಿದ್ದಾರೆ ಎಂಬುದು ನನಗೆ ಹಿಗ್ಗು ತಂದಿತ್ತು.

ಮನೆಗೆ ಬಂದು ಡಾಕ್ಟರ ಮಾತು ತೆಗೆದೆ. ಅತ್ತೆ ನಕ್ಕುಬಿಟ್ಟರು. “ಮನ್ಯಾಗ ನಿನ್ನ ಕಾಲ ಇಟಗೊಂಡು ಡಾಕ್ಟರ್ ಹಂತ್ಯಾಕ ಯಾಕ ಹೋಗ್ಲಿ? ಮಂದಿ ಏನಂದಾರು?” ಮೊಬೈಲಿನಿಂದ ತಲೆ ಎತ್ತದೆ ಗಂಡ ಹೇಳಿದರು, ವಯಸ್ಸಾದ ಮೇಲೆ ಕೈ ನಡುಗುವುದು ಸಹಜ. ನಾನು ನರದ ವಿಷಯ ವಿವರಿಸಿದೆ. ಯಾರು ಹೇಳಿದರು ಎಂದು ಅತ್ತೆ ಕೇಳಿದರು. ಫಿಸಿಯೋಥೆರಪಿಯ ಹುಡುಗಿ ಎಂದರೆ ನನ್ನ ಕಳ್ಳತನ ಹೊರಬೀಳುತ್ತದೆ. ಆಫೀಸಿನಲ್ಲಿ ಯಾರೋ ಹೇಳಿದರು ಎಂದೆ. “ಆಫೀಸಿನವ್ರು ನಿನ್ನಂಗ ಕಾಲ ಮುಂದಾಗಿ ಹುಟ್ಟ್ಯಾರೇನು?” ಎಂದು ಅವರು ಮಾತು ಮುಗಿಸಿದರು.

ಮುಂದಿನ ಭಾನುವಾರ ಬೆಳಿಗ್ಗೆ ಅವರು ಎಂದಿನಂತೆ ಗೋಡೆಗೆ ಮುಖ ಮಾಡಿ ಕುಳಿತರು. ಮಣೆಯ ಮೇಲೆ ಕೂರುವಾಗ ಅವರ ಕಾಲು ಒಮ್ಮೆ ತಡವರಿಸಿದ್ದನ್ನು ನಾನು ಕಂಡೆ. ತುರುಬು ಸರಿಸಲು ಬಲಗೈ ಎತ್ತಿದರು, ಬೆರಳಿಗೆ ಕೂದಲು ಸಿಗಲಿಲ್ಲ, ಎಡಗೈಯಿಂದ ಸರಿಸಿದರು.

“ಹಚ್ಚವಾ.”

ನಾನು ನಿಂತೇ ಇದ್ದೆ.

“ಯಾಕ ನಿಂತಿ? ಚಹಾ ಕುಡದಿಯೇನು?”

“ಅತ್ತೀ, ನನ್ನ ಕಾಲಾಗ ಏನೂ ಇಲ್ಲರಿ. ನಾ ತಲಿ ಮುಂದಾಗೇ ಹುಟ್ಟೀನಿ.”

ಇದು ಸುಳ್ಳು. ಆದರೆ ಅವರನ್ನು ಆ ಮಣೆಯಿಂದ ಎಬ್ಬಿಸಲು ನನಗೆ ಬೇರೆ ದಾರಿ ಕಾಣಲಿಲ್ಲ. ಕಾಲಿಗೆ ಗುಣವಿಲ್ಲ ಎಂದರೆ ಅವರು ಒಪ್ಪುತ್ತಿರಲಿಲ್ಲ. ನಾನೇ ನಕಲಿ ಎಂದರೆ ಒಪ್ಪಬಹುದಿತ್ತು. ಗಂಡ ಮೊಬೈಲ್ ಕೆಳಗಿಟ್ಟು ನನ್ನನ್ನು ನೋಡಿದರು. ಅತ್ತೆ ಗೋಡೆಯ ಕಡೆಗೇ ಮುಖ ಇಟ್ಟುಕೊಂಡು ಕೇಳಿದರು.

“ಹಂಗಾರ ನಿಮ್ಮವ್ವ?”

“ಮದುವಿ ಆಗ್ಲಿ ಅಂತ ಹೇಳಿದಳ್ರಿ.”

ಅವ್ವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆ ಉಪ್ಪಿಟ್ಟಿನ ಹೊರತು ಜನ್ಮದಲ್ಲಿ ಒಂದೂ ಸುಳ್ಳು ಹೇಳದ ಹೆಂಗಸನ್ನು ಅವಳ ಬೀಗಿತಿಯ ಮುಂದೆ ಸುಳ್ಳುಗಾತಿ ಮಾಡಿದೆ. ಅತ್ತೆ ಗೋಡೆ ಹಿಡಿದು ಎದ್ದರು. “ನಾಳೆ ಡಾಕ್ಟರ್ ಕಡೆ ಕರಕೊಂಡ ನಡಿ” ಎಂದು ಮಗನಿಗೆ ಹೇಳಿದರು, ನನಗಲ್ಲ. ಅಷ್ಟು ವರ್ಷ ಬಿಲ್ಡಿಂಗಿಗೆಲ್ಲ ಮೋಸ ಮಾಡಿದ ಮನೆತನ ನಮ್ಮದಾಯಿತಲ್ಲ ಎಂದು ಅತ್ತೆ ಆ ದಿನ ಊಟ ಮಾಡಲಿಲ್ಲ.

ಹುಡುಗಿ ಹೇಳಿದಂಥ ಸ್ಪೈನ್ ಡಾಕ್ಟರು ಸಾಂತಾಕ್ರೂಜಿನಲ್ಲಿದ್ದರು. ಟ್ಯಾಕ್ಸಿಯಲ್ಲಿ ಹೋದೆವು. ಗಂಡ ಮುಂದೆ ಕುಳಿತರು, ನಾನೂ ಅತ್ತೆಯೂ ಹಿಂದೆ, ನಡುವೆ ನೀರಿನ ಬಾಟಲಿ. ಡಾಕ್ಟರು ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ಬಡಿದರು, ಕಾಲು ಅಷ್ಟೆತ್ತರ ಹಾರಿತು. ಮುಷ್ಟಿ ಬೇಗ ಬೇಗ ಬಿಗಿದು ಬಿಡಿ ಎಂದರು; ಅತ್ತೆಯ ಬೆರಳುಗಳು ಚಳಿ ಹಿಡಿದವರಂತೆ ನಿಧಾನವಾಗಿ ಬಿಚ್ಚಿಕೊಂಡವು. ಒಂದು ಗೆರೆಯ ಮೇಲೆ ನಡೆಯಿರಿ ಎಂದರು. ಎರಡು ಹೆಜ್ಜೆಗೆ ನನ್ನ ಗಂಡ ಓಡಿ ಹೋಗಿ ಹಿಡಿದುಕೊಂಡರು.

ಇದು ಯಾವಾಗಿನಿಂದ ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು.

“ಆಠ್ ದಿನ್ ಹುವಾ” ಎಂದರು ಅತ್ತೆ. ಗಂಡನಿಗೆ ಏನೂ ಗೊತ್ತಿರಲಿಲ್ಲ. ಡಾಕ್ಟರು ಎಂಟು ದಿನ ಎಂದು ಬರೆಯಲು ಪೆನ್ನು ಎತ್ತಿದರು. ನಾನು ಸುಮ್ಮನಿರಬಹುದಿತ್ತು. ಆದರೆ ಅವರು ಬರೆಯುವುದರ ಮೇಲೆ ಮುಂದಿನದು ನಿಂತಿದೆ ಎಂದು ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ.

“ತೀನ್ ಮಹೀನೆ” ಎಂದೆ. “ನಾನು ನೋಡಿದ್ದೇನೆ. ಮೂರು ತಿಂಗಳು.”

ಅತ್ತೆಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಕುರ್ಚಿಯ ಹಿಡಿಕೆಗಳನ್ನು ಒತ್ತಿ, ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು.

ಸ್ಕ್ಯಾನ್ ಆಯಿತು, ಆ ವಾರವೇ ಆಪರೇಷನ್ ಆಯಿತು. ಇನ್ನೂ ಕಾದಿದ್ದರೆ ಕಾಲು ಹೋಗುತ್ತಿತ್ತು, ಇನ್ನೂ ಮೊದಲೇ ಬಂದಿದ್ದರೆ ಕೈ ಪೂರ್ತಿ ಉಳಿಯುತ್ತಿತ್ತು ಎಂದು ಡಾಕ್ಟರು ಅಂದರು. ಡಾಕ್ಟರುಗಳು ಇಂಥ ಮಾತನ್ನು ಔಷಧದ ಚೀಟಿಯಷ್ಟೇ ಸುಲಭವಾಗಿ ಕೈಗೆ ಕೊಟ್ಟು ಮುಂದಿನವರನ್ನು ಕರೆಯುತ್ತಾರೆ. ನಡಿಗೆ ಮರಳಿತು. ಎಡಗೈ ಸರಿಹೋಯಿತು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

ನನ್ನ ಕಾಲಿನ ಸಂಗತಿ ಬಿಲ್ಡಿಂಗಿನಲ್ಲಿ ಹಬ್ಬಲು ಒಂದು ದಿನವೂ ಬೇಕಾಗಲಿಲ್ಲ. ಭಾನುವಾರದ ಬಾಗಿಲು ಖಾಲಿಯಾಯಿತು. ಯಾರೂ ದಿಂಬು ಕಡಿಮೆ ಮಾಡಲಿಲ್ಲ, ಯಾರೂ ಮೊಬೈಲ್ ಎತ್ತರಕ್ಕೆ ಹಿಡಿಯಲಿಲ್ಲ. ಜೋಗೇಶ್ವರಿಯಲ್ಲಿ ಖಾತ್ರಿಯ ಪಾಯಾಳು ಒಬ್ಬಳು ಸಿಕ್ಕಿದ್ದಾಳಂತೆ, ಚೇರ್‌ಮನ್ ಮೊದಲ ದಿನವೇ ಹೋಗಿ ಬಂದರಂತೆ. ಅವಳಾದರೂ ಪರದೆ ಎಳೆಯುತ್ತಾಳೋ ಇಲ್ಲವೋ ತಿಳಿಯದು.

ಇನ್ನು ಮುಚ್ಚಿಡುವುದೇನಿದೆ, ಫಿಸಿಯೋಥೆರಪಿಯ ಆ ಹುಡುಗಿಯೇ ಈಗ ವಾರಕ್ಕೆರಡು ಸಲ ಮನೆಗೆ ಬರುತ್ತಾಳೆ. ಉಳಿದ ದಿನ ಅತ್ತೆಯ ಕೈಯ ವ್ಯಾಯಾಮ ಮಾಡಿಸುವುದು ನನ್ನ ಪಾಲು. ಒಂದು ತಟ್ಟೆಯಲ್ಲಿ ಕಡಲೆಕಾಳು ಹರವಬೇಕು. ಅವರು ಬಲಗೈಯ ಎರಡು ಬೆರಳಿನಿಂದ ಒಂದೊಂದೇ ಕಾಳನ್ನು ಎತ್ತಿ ಬಟ್ಟಲಿಗೆ ಹಾಕಬೇಕು. ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಅವರು ನಾಲ್ಕನೆಯ ಕಾಳು ಹಾಕಿ ನಿಲ್ಲಿಸಿದರು.

“ನಿಮ್ಮವ್ವ ಸುಳ್ಳ ಹೇಳೂ ಹೆಂಗಸಲ್ಲ. ನೀ ಕಾಲ ಮುಂದಾಗೇ ಹುಟ್ಟೀದಿ. ಹೌದಿಲ್ಲೊ?”

“ಹೌದ್ರಿ” ಎಂದೆ. ಅವ್ವನ ಹೆಸರು ತೊಳೆದಂತಾಗಿ ಒಂದು ಕ್ಷಣ ಹಗುರವಾದೆ. ನಿಮ್ಮನ್ನು ಡಾಕ್ಟರ ಹತ್ತಿರ ಕಳಿಸಲೆಂದೇ ಹಾಗೆ ಹೇಳಿದೆ ಎಂದೂ ಸೇರಿಸಿದೆ. ಅವರು ಮೆಚ್ಚಿಕೊಂಡಾರು ಎಂಬ ಆಸೆ ನನಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

“ಅದು ಗೊತ್ತಾತು” ಎಂದರು. “ಇನ್ನೊಂದು ಹೇಳು. ನನಗ ಒದಿಯೂವಾಗ ನಿನಗ ಹೆಂಗ ಅನಸ್ತಿತ್ತು?”

ಆಪರೇಷನ್ನಿನ ಗಾಯ ಮಾಗಿದ್ದ ಕುತ್ತಿಗೆ ನೆಟ್ಟಗಿತ್ತು. ಅವರು ತಟ್ಟೆಯನ್ನು ನೋಡುತ್ತಿದ್ದರು. ಸುಳ್ಳು ಹೇಳಬಹುದಿತ್ತು, ಹೇಳಲು ಮನಸ್ಸು ಬರಲಿಲ್ಲ.

“ಛಲೋ ಅನಸ್ತಿತ್ರಿ, ಅತ್ತೀ.”

“ಅದಕ್ಕ ಮೂರ ತಿಂಗಳ ಸುಮ್ಮನಿದ್ದಿ” ಎಂದರು.

ಸಿಟ್ಟಿನಲ್ಲಿ ಹೇಳಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎನ್ನುವಾಗ ಇರುತ್ತಿದ್ದ ಕಟುತನ ಕೂಡ ದನಿಯಲ್ಲಿ ಇರಲಿಲ್ಲ. ಹಾಗಲ್ಲ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಬೆರಳಿಗೆ ಸಿಕ್ಕ ಕಾಳು ಜಾರಿ ನೆಲಕ್ಕೆ ಬಿದ್ದು ಮಂಚದ ಕಡೆಗೆ ಉರುಳಿತು. ನಾನು ಎತ್ತಿಕೊಡಲು ಬಗ್ಗಿದೆ.

“ಬಿಡು, ನಾ ತಗೋತೀನಿ” ಎಂದು ಅತ್ತೆ ಮಂಚದ ಅಂಚು ಹಿಡಿದು ತಾವೇ ಎದ್ದರು.